ಪಾಚಿಯಿಂದ ಕಚ್ಚಾ ಎಣ್ಣೆ: ಪ್ರಾಜೆಕ್ಟ್ ಎಲ್ಲಿಗೆ ಬಂತು

ಆಗಸ್ಟ್

ಸ್ಪಿರುಲಿನಾ ಎಂಬ ಪಾಚಿಯ ಪುಡಿಯಿಂದಲೇ ಶುರು ಮಾಡುವುದೆಂದು ತೀರ್ಮಾನವಾಯಿತು. ಕೆರೆಯಿಂದ ಪಾಚಿ ತರುವ ಆಸೆ ನಮ್ಮ ಗುಂಪಿಗಿತ್ತು. ಆದರೆ ಅದರ ಜೊತೆ ಮಣ್ಣು, ಮರಳು ಎಲ್ಲ ಬರುತ್ತದೆ, ಪ್ರತಿ ಸಲವೂ ಬೂದಿಯ ಪ್ರಮಾಣ ಬದಲಾದರೆ ಯಾವ ಲೆಕ್ಕವೂ ಕೂಡುವುದಿಲ್ಲ. ಸ್ಪಿರುಲಿನಾ ಅಂಗಡಿಯಲ್ಲೇ ಸಿಗುತ್ತದೆ. ಇಂಧನ ಮಾಡುವಷ್ಟು ಅಗ್ಗವಲ್ಲ, ಕಲಿಯುವುದಕ್ಕೆ ಸಾಕು.

ಒಣಗಿಸಿದ ಪುಡಿಗೆ ನಾವೇ ಮತ್ತೆ ನೀರು ಕಲಸುತ್ತಿದ್ದೇವೆ ಎಂಬುದು ತಮಾಷೆಯೇ. ನಮ್ಮ ವಿಧಾನ ಹೈಡ್ರೋಥರ್ಮಲ್ ಲಿಕ್ವಿಫ್ಯಾಕ್ಷನ್, ಅಂದರೆ ಒದ್ದೆ ಪಾಚಿಯನ್ನು ಒತ್ತಡದಲ್ಲಿ ಕಾಯಿಸಿ ಎಣ್ಣೆ ಮಾಡುವುದು. ಅದರ ದೊಡ್ಡ ಲಾಭವೇ ಒಣಗಿಸುವ ಗೋಜು ಇಲ್ಲದಿರುವುದು. ಒಂದು ಕಿಲೋ ಒಣ ಪಾಚಿಗೆ ನಾಲ್ಕು ಕಿಲೋ ನೀರಿದೆ ಅನ್ನಿ. ಆ ನೀರನ್ನು ಆವಿ ಮಾಡಲು 10 ಮೆಗಾಜೂಲ್ ಬೇಕು. ಪಾಚಿಯಲ್ಲಿರುವ ಶಕ್ತಿಯೇ ಸುಮಾರು 20. ಅದೇ ನೀರನ್ನು ಒತ್ತಡದಲ್ಲಿ ದ್ರವವಾಗಿಯೇ ಇಟ್ಟು 300 ಡಿಗ್ರಿಗೆ ಒಯ್ದರೆ ಖರ್ಚು 5 ಮೆಗಾಜೂಲ್, ಅದರಲ್ಲೂ ಬಹುಪಾಲನ್ನು ಹೊರಬರುವ ಬಿಸಿ ದ್ರವದಿಂದ ಒಳಬರುವ ತಣ್ಣನೆಯ ದ್ರವಕ್ಕೆ ದಾಟಿಸಬಹುದು. ಒಂದೊಂದು ಸಲ ತುಂಬಿ, ಮುಚ್ಚಿ ಕಾಯಿಸುವ ನಮ್ಮ ಬ್ಯಾಚ್ ರಿಯಾಕ್ಟರಿನಲ್ಲಿ ಅದಾಗದು, ಬಿಸಿಯೆಲ್ಲ ಲ್ಯಾಬಿನ ಗಾಳಿಗೇ.

ಸೆಪ್ಟೆಂಬರ್

100 ಮಿ.ಲೀ. ಸ್ಟೀಲ್ ರಿಯಾಕ್ಟರ್ ಸಿಕ್ಕಿತು. ಎಷ್ಟು ತುಂಬಬೇಕು ಎಂಬುದರ ಮೇಲೆ ಒಂದಿಡೀ ಮಧ್ಯಾಹ್ನ ಚರ್ಚೆ. 350 ಡಿಗ್ರಿಯಲ್ಲಿ ನೀರಿನ ಸಾಂದ್ರತೆ ಮಿ.ಲೀ.ಗೆ 0.575 ಗ್ರಾಂಗೆ ಇಳಿಯುತ್ತದೆ, ಅಂದರೆ 60 ಗ್ರಾಂ ನೀರೇ 100 ಮಿ.ಲೀ.ಗಿಂತ ಹೆಚ್ಚು ಜಾಗ ಕೇಳುತ್ತದೆ. ಹಿಗ್ಗಲು ಜಾಗವಿಲ್ಲದ ದ್ರವ ರಿಯಾಕ್ಟರನ್ನೇ ಸೀಳಬಲ್ಲದು. ಹಾಗಾಗಿ ಅರ್ಧ ಮಾತ್ರ, 300 ಡಿಗ್ರಿ ದಾಟುವಂತಿಲ್ಲ, ರಪ್ಚರ್ ಡಿಸ್ಕ್ (ಒತ್ತಡ ಮಿತಿಮೀರಿದರೆ ತಾನೇ ಒಡೆದು ಅದನ್ನು ಹೊರಬಿಡುವ ತಟ್ಟೆ) ಪರೀಕ್ಷಿಸದೆ ಹೀಟರ್ ಹಾಕುವಂತಿಲ್ಲ. 300ರಲ್ಲಿ ನೀರಿನ ಆವಿಯ ಒತ್ತಡವೊಂದೇ 86 ಬಾರ್. ಅಡುಗೆಮನೆಯ ಕುಕ್ಕರ್ ಕೂಗುವುದು ಹೊರಗಿನ ಗಾಳಿಗಿಂತ ಬರೀ ಒಂದು ಬಾರ್ ಹೆಚ್ಚಾದಾಗ. ಮನೆಯಲ್ಲಿ ಮಾಡಿನೋಡುತ್ತೇನೆ ಅನ್ನುವವರು ದಯವಿಟ್ಟು ಬೇಡ.

ಅಕ್ಟೋಬರ್

ಎಣ್ಣೆ ಬಂತು! ಕಪ್ಪಗೆ, ಡಾಂಬರಿನಂತೆ ಅಂಟು, ಸುಟ್ಟ ವಾಸನೆ. ಹಾಕಿದ ಒಣ ಪುಡಿಯ ತೂಕದಲ್ಲಿ ಹತ್ತಿರಹತ್ತಿರ ಮೂರನೇ ಒಂದು ಪಾಲು. ಸ್ಪಿರುಲಿನಾದಲ್ಲಿ ಕೊಬ್ಬು ಶೇ 10 ಕೂಡ ಇಲ್ಲ, ಹಾಗಾದರೆ ಇಷ್ಟು ಎಣ್ಣೆ ಎಲ್ಲಿಂದ? ಬಯೋಡೀಸೆಲ್ ಮಾಡುವವರಿಗೆ ಕೊಬ್ಬು ಮಾತ್ರ ಲೆಕ್ಕ. ಇಲ್ಲಿ ಹಾಗಲ್ಲ. ಈ ಬಿಸಿಯಲ್ಲಿ ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ (ದ್ರವ ಎಷ್ಟು ಧ್ರುವೀಯ ಎಂಬುದರ ಅಳತೆ) 80ರಿಂದ 20ರ ಆಸುಪಾಸಿಗೆ ಬೀಳುತ್ತದೆ, ನೀರು ಹೆಚ್ಚುಕಡಿಮೆ ಎಣ್ಣೆಯಂಥವನ್ನೂ ಕರಗಿಸುವ ಅಸಿಟೋನಿನ ಹಾಗೆ ವರ್ತಿಸುತ್ತದೆ. ಪ್ರೋಟೀನು, ಸಕ್ಕರೆಗಳೂ ಒಡೆದು, ಮತ್ತೆ ಒಂದಕ್ಕೊಂದು ಕೂಡಿ ಎಣ್ಣೆಗೆ ಸೇರುತ್ತವೆ.

ಅದರ ಬೆಲೆಯನ್ನೂ ಕಟ್ಟಬೇಕು. ಪ್ರೋಟೀನಿನ ನೈಟ್ರೋಜನ್ ಎಣ್ಣೆಗೂ ಇಳಿಯುತ್ತದೆ. ನೆಲದಿಂದ ತೆಗೆದ ಕಚ್ಚಾ ತೈಲದಲ್ಲಿ ಅದು ಸಾಮಾನ್ಯವಾಗಿ ಶೇ 1ಕ್ಕಿಂತ ಕಡಿಮೆ, ಇಂಥ ಎಣ್ಣೆಯಲ್ಲಿ ಹಲವು ಪಟ್ಟು. ಹೈಡ್ರೋಜನ್ ಕೊಟ್ಟು ತೆಗೆಯದಿದ್ದರೆ ರಿಫೈನರಿಯ ಕೆಟಲಿಸ್ಟ್ (ಕ್ರಿಯೆಯನ್ನು ಚುರುಕಾಗಿಸುವ ವಸ್ತು) ಕೆಡುತ್ತದೆ.

ಇನ್ನೊಂದು ಮಾತು. ಎಣ್ಣೆ ಬೇರ್ಪಡಿಸಲು ಡೈಕ್ಲೋರೋಮೀಥೇನ್ ಎಂಬ ದ್ರಾವಕ ಬಳಸಿದೆವು, ಹಲವು ಲ್ಯಾಬ್‌ಗಳು ಬಳಸುತ್ತವೆ. ನೀರಿನಲ್ಲೇ ಉಳಿಯಬೇಕಾದ ಕೆಲವು ಪದಾರ್ಥಗಳನ್ನೂ ಅದು ಎಳೆದು ತರುತ್ತದೆ. ಕಾರ್ಖಾನೆಯಲ್ಲಿ ಎಣ್ಣೆ ತಾನಾಗಿ ತೇಲಿ ಬೇರೆಯಾಗಬೇಕು. ಹಾಗಾಗಿ ಆ ಮೂರನೇ ಒಂದನ್ನು ನಾನು ಸ್ವಲ್ಪ ಕಡಿಮೆ ಮಾಡಿಯೇ ಓದುತ್ತೇನೆ.

ನವೆಂಬರ್

ಈಗ ಎಣ್ಣೆಗಿಂತ ತಲೆ ತಿನ್ನುತ್ತಿರುವುದು ಉಳಿದ ನೀರು. ಚಹಾ ಬಣ್ಣ, ಅಮೋನಿಯಾದಿಂದ ಕ್ಷಾರೀಯ, ಫೀನಾಲ್‌ಗಳೂ ಇವೆ. ಚರಂಡಿಗೆ ಬಿಡುವಂತಿಲ್ಲ, ಕ್ಯಾನಿನಲ್ಲಿ ಕೂಡಿಡುತ್ತಿದ್ದೇವೆ. ಅಮೆರಿಕದ ಪೆಸಿಫಿಕ್ ನಾರ್ತ್‌ವೆಸ್ಟ್ ನ್ಯಾಷನಲ್ ಲ್ಯಾಬೊರೇಟರಿಯವರು 2013ರಲ್ಲಿ ಪ್ರಕಟಿಸಿದ ನಿರಂತರ ವಿಧಾನದಲ್ಲಿ, ಇಂಥ ನೀರನ್ನು ಕೆಟಲಿಸ್ಟ್ ಮೇಲೆ ಹಾಯಿಸಿ ಮೀಥೇನ್ ಪಡೆದು, ಪೋಷಕಾಂಶ ಉಳಿದ ನೀರನ್ನು ಪಾಚಿ ಕೊಳಕ್ಕೇ ಮರಳಿಸುವ ಯೋಚನೆಯಿದೆ. ನಮಗೆ ಆ ಕೆಟಲಿಸ್ಟ್ ಕೈಗೆಟುಕದು. ಬದಲಿಗೆ ಈ ನೀರನ್ನು ನೂರು ಪಟ್ಟು, ಇನ್ನೂರು ಪಟ್ಟು ತೆಳು ಮಾಡಿ ಕ್ಲೋರೆಲ್ಲಾ ಎಂಬ ಹಸಿರು ಪಾಚಿ ಬೆಳೆಸುವ ಬಾಟಲಿಗಳನ್ನು ಕಿಟಕಿ ಬಳಿ ಸಾಲಾಗಿ ಇಟ್ಟಿದ್ದೇವೆ, ಪಕ್ಕದಲ್ಲಿ ಹೋಲಿಕೆಗೆ ಮಾಮೂಲಿ ಮಾಧ್ಯಮದ ಬಾಟಲಿಯೂ ಇದೆ. ಬೆಳವಣಿಗೆಯ ಅಳತೆ ಸೋಮವಾರದಿಂದ.