ಪಕ್ಕದಲ್ಲಿ ಕೂತವರ ಕೈ

"ಕೈ ಹಿಡಿದೆ, ಅಷ್ಟೇ. ಮಾತಾಡಿಬಿಟ್ಟೆ ಅಂತ ಊರಿಗೆಲ್ಲ ಹೇಳ್ಬೇಡ."

ಚಿಕ್ಕಮ್ಮ ಇಷ್ಟು ಹೇಳಿ, ಚಪ್ಪಲಿ ಮೆಟ್ಟಿಕೊಂಡು, ಗುಬ್ಬಿ ಬಸ್ಸು ಹಿಡಿಯಲು ಹೊರಟೇಬಿಟ್ಟಳು. ಭಾನುವಾರ ಕೇಳಿದ ಆ ಮಾತು ಇವತ್ತಿಗೂ ತಲೆಯಿಂದ ಇಳಿದಿಲ್ಲ.

ಅವತ್ತು ನಮ್ಮ ತುಮಕೂರಿನ ಸಭೆಯಲ್ಲಿ ಸಿಎಸ್‌ಐ ದಿನದ ಆರಾಧನೆ. ಸಿಎಸ್‌ಐ ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ, ಬೇರೆ ಬೇರೆ ಕ್ರೈಸ್ತ ಸಭೆಗಳು ಸೇರಿ ಆದ ನಮ್ಮ ಸಭೆ. ಅದು ಹುಟ್ಟಿದ್ದನ್ನು ನೆನೆಯುವ ದಿನ ಇದು. ಚರ್ಚು ತುಂಬಿತ್ತು. ದೊಡ್ಡಮ್ಮ ಎಂದಿನಂತೆ ಬೇಗ ಬಂದು ಮೂರನೇ ಬೆಂಚಿನಲ್ಲಿ ಕೂತಿದ್ದಳು. ಚಿಕ್ಕಮ್ಮನ ಬಸ್ಸು ತಡವಾಗಿತ್ತು. ಒಳಗೆ ಬರುವಾಗ ಹಾಡು ಶುರುವಾಗಿತ್ತು. ಬಾಗಿಲಲ್ಲಿ ನಿಂತಿದ್ದ ಹುಡುಗ ಖಾಲಿ ಜಾಗ ನೋಡಿ ದೊಡ್ಡಮ್ಮನ ಪಕ್ಕದಲ್ಲೇ ಕೂರಿಸಿಬಿಟ್ಟ. ಅವನಿಗೇನು ಗೊತ್ತು? ತೋಟ ಪಾಲಾದಾಗಿನಿಂದ ಈ ಇಬ್ಬರು ಓರಗಿತ್ತಿಯರು ಒಂದು ಮಾತೂ ಆಡಿಲ್ಲ. ಬೋರ್‌ವೆಲ್ ದೊಡ್ಡಮ್ಮನ ಪಾಲಿಗೆ ಹೋಯಿತು. ಚಿಕ್ಕಮ್ಮನ ಅಡಿಕೆ ಗಿಡ ಎರಡು ಬೇಸಿಗೆ ಒಣಗಿದವು. ನನ್ನ ಕೇಳಿದರೆ ನ್ಯಾಯ ಚಿಕ್ಕಮ್ಮನ ಕಡೆ ಜಾಸ್ತಿ ಇದೆ. ಆದರೆ ಬಾಯಿ ಅವಳದೂ ಕಮ್ಮಿಯೇನಲ್ಲ.

ಕೊರೊನಾ ಬಂದಾಗಿನಿಂದ ನಮ್ಮಲ್ಲಿ ಸಮಾಧಾನ ಕೊಡುವುದು, ಅಂದರೆ ಆರಾಧನೆಯ ನಡುವೆ ಪಕ್ಕದವರಿಗೆ ಸಮಾಧಾನ ಹಾರೈಸುವುದು, ಕೂತಲ್ಲೇ ಕೈ ಮುಗಿದು ಆಚೀಚೆ ನೋಡುವುದು ಅಂತ ಆಗಿಹೋಗಿತ್ತು. ಕಾಯಿಲೆ ಹೋದರೂ ಆ ಅಭ್ಯಾಸ ಉಳಿಯಿತು. ಸುಲಭ ಅಲ್ವಾ? ಬೇಡದವರ ಕಡೆ ತಿರುಗಲೇಬೇಕಿಲ್ಲ. ಈಗ ಬಂದಿರುವ ಪಾದ್ರಿ ಅಯ್ಯನವರು ಈ ಭಾನುವಾರ ಮಾತ್ರ ಹಳೇ ಪದ್ಧತಿಯಂತೇ ಆಗಲಿ ಅಂದರು. ಅವರು ಹೆಚ್ಚು ಮಾತಿನವರಲ್ಲ, ಅದಕ್ಕೇ ಹೇಳಿದ್ದು ನಾಟುತ್ತದೆ. ಕರ್ತನ ಭೋಜನಕ್ಕೆ, ಅಂದರೆ ಎಲ್ಲರೂ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವುದಕ್ಕೆ ಮುಂಚೆ ಅವರು ಮೇಜಿನ ಹತ್ತಿರ ನಿಂತವರಿಗೆ ಸಮಾಧಾನ ಕೊಟ್ಟರು. ಅಲ್ಲಿಂದ ಅದು ಬೆಂಚಿನಿಂದ ಬೆಂಚಿಗೆ, ಒಬ್ಬರಿಂದ ಒಬ್ಬರಿಗೆ ಬರಬೇಕು. ಕೊಡುವವರು ತಮ್ಮ ಬಲಗೈಯನ್ನು ಪಕ್ಕದವರ ಬಲಗೈಗೆ ಸೇರಿಸಬೇಕು. ಇಬ್ಬರೂ ಎಡಗೈಯಿಂದ ಅದನ್ನು ಮುಚ್ಚಬೇಕು.

ನಾನು ಹಿಂದಿನ ಬೆಂಚಿನಲ್ಲಿದ್ದೆ. ಮೂರನೇ ಬೆಂಚಿನಲ್ಲಿ ಅದು ಸರಿಯುತ್ತ ದೊಡ್ಡಮ್ಮನ ತನಕ ಬಂತು. ದೊಡ್ಡಮ್ಮ ತಿರುಗಿದಳು. ತಿರುಗಿದ ಮೇಲೇ ಪಕ್ಕದಲ್ಲಿ ಯಾರು ಅಂತ ಕಂಡಿದ್ದು. ಅವಳ ಕೈ ಮುಂದೆ ಹೋಗಿ ನಿಂತಿತು. ಅಡಿಕೆ ಸುಲಿದು ಬೆರಳ ತುದಿಯೆಲ್ಲ ಕಪ್ಪಾಗಿದ್ದವು. ಚಿಕ್ಕಮ್ಮ ಆ ಬೆರಳುಗಳನ್ನು ನೋಡಿದಳು, ಮುಖ ನೋಡಲಿಲ್ಲ. ಆಮೇಲೆ ತನ್ನ ಕೈ ಕೊಟ್ಟಳು. ಅವಳ ಬೆರಳೂ ಅಷ್ಟೇ ಕಪ್ಪು. ನಾಲ್ಕೂ ಕೈ ಒಂದರ ಮೇಲೊಂದು ಬಿದ್ದವು. ದೊಡ್ಡಮ್ಮನ ತುಟಿ ಅಲುಗಿತು, ಏನಂದಳೋ ನನಗೆ ಕೇಳಿಸಲಿಲ್ಲ. ಚಿಕ್ಕಮ್ಮ ಗೋಡೆಯ ಕಡೆ ನೋಡುತ್ತಿದ್ದಳು. ಆಮೇಲೆ ಕೈ ಬಿಡಿಸಿಕೊಂಡು ಆಚೆ ಕೂತ ಹುಡುಗಿಗೆ ಸಮಾಧಾನ ಕೊಟ್ಟಳು. ಆರಾಧನೆ ಮುಗಿದ ಮೇಲೆ ಒಬ್ಬಳು ಆ ಬಾಗಿಲು, ಇನ್ನೊಬ್ಬಳು ಈ ಬಾಗಿಲು.

ಹೊರಗೆ ನಮ್ಮ ಹಿರಿಯರೊಬ್ಬರು, "ಮನಸ್ಸಿಲ್ಲದೆ ಕೈ ಹಿಡಿದು ಏನು ಬಂತು? ನಾಟಕ ಆಗುತ್ತೆ, ನಮಸ್ಕಾರವೇ ವಾಸಿ" ಅಂದರು. ಅವರು ಒಳ್ಳೆಯವರು, ಕೆಲಸ ಅಂದರೆ ಮೊದಲು ನಿಲ್ಲುವವರು. ಆದರೂ ಆ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಯಾಕೆಂದರೆ ನಾವು ಅವತ್ತು ನೆನೆಯುತ್ತಿದ್ದ ಕಥೆಯೇ ಬೇರೆ ಥರ ಇದೆ.

ನಮ್ಮ ಜಿಲ್ಲೆಗೆ ಸುವಾರ್ತೆ ತಂದವರು ವೆಸ್ಲಿಯನ್ ಮೆಥಡಿಸ್ಟರು. 1830ರ ದಶಕದ ಕೊನೆಯಲ್ಲೇ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ಮಿಷನ್ ಶುರು ಮಾಡಿದ್ದರು. ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಷನ್ನಿನವರು. ಅಲ್ಲಿನ ಸಿಎಸ್‌ಐ ಆಸ್ಪತ್ರೆ ಅವರು ಕಟ್ಟಿದ್ದು. ಕೆಜಿಎಫ್‌ನಲ್ಲಿ ಗಣಿ ದೊರೆಗಳು ಇಂಗ್ಲೆಂಡಿನಿಂದ ತಮ್ಮ ಆಂಗ್ಲಿಕನ್ ಆರಾಧನೆಯನ್ನು, ಅಂದರೆ ಇಂಗ್ಲೆಂಡಿನ ಅಧಿಕೃತ ಸಭೆಯದ್ದನ್ನು, ಜೊತೆಗೇ ತಂದರು. ಕೋಲಾರ ಊರಿನಲ್ಲಿ ಅಮೆರಿಕನ್ ಮೆಥಡಿಸ್ಟರು. ಒಬ್ಬೊಬ್ಬರದೂ ಒಂದೊಂದು ಕ್ರಮ. ಆಂಗ್ಲಿಕನ್ನರಿಗೆ ಬಿಷಪ್ ಇಲ್ಲದ ಸಭೆ ಸಭೆಯೇ ಅಲ್ಲ. ಲಂಡನ್ ಮಿಷನ್ನಿನವರಿಗೆ ಬಿಷಪ್ ಅಂದರೆ ಆಗದು. ಆ ಜಗಳ ನಮ್ಮದಾಗಿರಲಿಲ್ಲ. ಅದು ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಹಡಗಿನಲ್ಲಿ ಇಲ್ಲಿಗೆ ಬಂತು. ಆದರೆ ಕರ್ತನ ಭೋಜನಕ್ಕೆ ಬೇರೆ ಬೇರೆ ಮೇಜಿಗೆ ಹೋಗಿದ್ದು ನಮ್ಮ ಅಜ್ಜ ಅಜ್ಜಿಯರು.

ಇದು ಸಾಕು, ಒಂದಾಗೋಣ ಅಂತ 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಒಂದಷ್ಟು ಪಾದ್ರಿಗಳು ಸೇರಿ ಹೇಳಿಕೆ ಹೊರಡಿಸಿದರು. ಅವರಲ್ಲಿ ಹೆಚ್ಚಿನವರು ಭಾರತೀಯರೇ. ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ವಿ. ಎಸ್. ಅಜರಾಯ ಮುಂದೆ ನಿಂತಿದ್ದರು. ಮಾತುಕತೆ ಎಳೆದು ಎಳೆದು 28 ವರ್ಷ ಹಿಡಿಯಿತು. ಅಜರಾಯ 1945ರ ಜನವರಿ 1ರಂದು ತೀರಿಕೊಂಡರು, ಸಭೆಗಳು ಒಂದಾದ ದಿನ ನೋಡಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು, ಕಾಂಗ್ರಿಗೇಷನಲ್ ಮತ್ತು ಪ್ರೆಸ್ಬಿಟೇರಿಯನ್ ಸಭೆಯವರು ಒಂದಾದರು. ದೇಶ ಎರಡಾಗಿ ಆರು ವಾರ ಕಳೆದಿತ್ತು ಅಷ್ಟೇ.

ಅವತ್ತು ಎಲ್ಲರ ಮನಸ್ಸೂ ಕೂಡಿತ್ತಾ? ಎಲ್ಲಿಂದ ಬಂತು! ಬಿಷಪ್ಪರ ಕೈಯಿಂದ ಅಭಿಷೇಕ ಆಗದ ಪಾದ್ರಿಗಳನ್ನೂ ಮತ್ತೆ ಅಭಿಷೇಕ ಮಾಡದೆ ಹಾಗೇ ಸೇರಿಸಿಕೊಂಡರು. ಇನ್ನು ಮುಂದೆ ಆಗುವವರಿಗೆ ಮಾತ್ರ ಬಿಷಪ್ಪರೇ ಕೈ ಇಡಬೇಕು. ಒಗ್ಗಿಕೊಳ್ಳಲು 30 ವರ್ಷದ ಅವಧಿ ಇಟ್ಟುಕೊಂಡರು. ಯಾವ ಸಭೆಗೂ ಅವರಿಗೆ ಒಪ್ಪಿಗೆಯಾಗದ ಪಾದ್ರಿಯನ್ನು ಹೇರುವುದಿಲ್ಲ ಅಂತ ಮಾತು ಕೊಟ್ಟರು. ಎಷ್ಟು ತಿಳಿವಳಿಕೆ ನೋಡಿ. ಮೊದಲು ಒಂದೇ ಮನೆಯೊಳಗೆ ಬನ್ನಿ, ಉಳಿದದ್ದು ನಿಧಾನಕ್ಕೆ ಆಗಲಿ ಅಂದ ಹಾಗೆ. ಇಂಗ್ಲೆಂಡಿನ ಸಭೆಗೇ ನಮ್ಮನ್ನು ಪೂರ್ತಿ ಒಪ್ಪಿಕೊಳ್ಳಲು ದಶಕಗಳು ಬೇಕಾದವು. ಈಗ ನಾವು ಲೋಕದ ಆಂಗ್ಲಿಕನ್ ಸಭೆಗಳೆಲ್ಲ ಸೇರಿದ ಆಂಗ್ಲಿಕನ್ ಕೂಟದ ಸದಸ್ಯರು. ಆಂಧ್ರದ ನಂದ್ಯಾಲದ ಕಡೆಯ ಆಂಗ್ಲಿಕನ್ನರಲ್ಲಿ ಹಲವರು ಆಗ ಬರುವುದಿಲ್ಲ ಅಂತ ಹೊರಗೇ ಉಳಿದರು. 1975ರಲ್ಲಿ ಬಂದರು. 2013ರಲ್ಲಿ ಸಿಎಸ್‌ಐಯ ಮೊದಲ ಮಹಿಳಾ ಬಿಷಪ್ ಪುಷ್ಪಲಲಿತಾ ಅವರು ಬಂದದ್ದು ಅದೇ ನಂದ್ಯಾಲಕ್ಕೆ. ಕೋಲಾರದ ಅಮೆರಿಕನ್ ಮೆಥಡಿಸ್ಟರು ಇವತ್ತಿಗೂ ಬೇರೆಯೇ ಇದ್ದಾರೆ. ನಮ್ಮ ಬೀಗರು ಆ ಸಭೆಯವರು. ಮದುವೆಗೆ ಅದೇನೂ ಅಡ್ಡ ಬರಲಿಲ್ಲ, ದೇವರ ದಯೆ.

ಈ ಕೈ ಹಿಡಿಯುವ ಕ್ರಮವೂ ಆ ಒಕ್ಕೂಟದ್ದೇ. 1950ರಲ್ಲಿ ಹೊಸ ಆರಾಧನಾ ಕ್ರಮ ಬರೆದಾಗ ಕೇರಳದ ಸಿರಿಯನ್ ಕ್ರೈಸ್ತರಿಂದ ತೆಗೆದುಕೊಂಡರು. ಆಮೇಲೆ ಬೇರೆ ದೇಶದ ಸಭೆಗಳೂ ಇದನ್ನು ನೋಡಿ ಕಲಿತವು. ನಿನ್ನೆ ಮೊನ್ನೆವರೆಗೆ ಬೇರೆ ಮೇಜಿನಲ್ಲಿ ಕೂತವರನ್ನು ಒಂದೇ ಬೆಂಚಿಗೆ ತಂದವರಿಗೆ ಇಂಥದ್ದೊಂದು ಬೇಕು ಅಂತ ಅನ್ನಿಸಿದ್ದು ಸುಮ್ನೆ ಅಲ್ಲ.

ಅದಕ್ಕೇ ಚಿಕ್ಕಮ್ಮನ ಮಾತು ನನಗೆ ಸುಳ್ಳು ಅನ್ನಿಸಲಿಲ್ಲ, ನಾಟಕ ಅಂತೂ ಅಲ್ಲವೇ ಅಲ್ಲ. ಅವಳು ಎಷ್ಟು ಕೊಟ್ಟಳೋ ಅಷ್ಟನ್ನೇ ಹೇಳಿದಳು. ಬೋರ್‌ವೆಲ್ಲಿನ ನೀರು ಇನ್ನೂ ಅವಳ ಗಿಡಕ್ಕೆ ಹೋಗಿಲ್ಲ, ಅದು ಹೋಗಲೇಬೇಕು. ದೊಡ್ಡಮ್ಮನಿಗೆ ಈ ವಾರ ನಾನೇ ಫೋನ್ ಮಾಡಿ ಹೇಳಿದೆ. "ನೋಡೋಣ ತಡಿ" ಅಂದಳು. ಮುಂಚೆ ಆ ವಿಷಯ ಎತ್ತಿದರೆ ಫೋನ್ ಇಟ್ಟುಬಿಡುತ್ತಿದ್ದಳು.

ಮುಂದಿನ ವಾರ ನಮ್ಮ ಸಭೆಯ ಆಡಳಿತ ನೋಡುವ ಪಾಸ್ಟರೇಟ್ ಕಮಿಟಿ ಇದೆ. ಕೈ ಹಿಡಿಯುವುದು ಉಳಿಯಬೇಕಾ, ನಮಸ್ಕಾರವೇ ಸಾಕಾ ಅನ್ನುವುದು ಅಲ್ಲಿ ಬರಲಿದೆ. ಹಿರಿಯರ ಎದುರೇ ನಾನು ಕೈ ಹಿಡಿಯುವ ಕಡೆ ಮಾತಾಡುವವಳಿದ್ದೇನೆ.