ಬಿಟ್ಟುಹೋದ 48

ಜುಲೈ ತಿಂಗಳ ಮಂಗಳೂರು ಮಳೆ ಹೇಗಿರುತ್ತದೆ ಅಂತ ಇಲ್ಲಿ ಓದಿದವರಿಗೆ ಹೇಳಬೇಕಾಗಿಲ್ಲ. ಹಂಪನಕಟ್ಟೆಯಲ್ಲಿ ಬಸ್ಸಿಳಿದು ಕ್ಲಾಸಿಗೆ ಬರುವಷ್ಟರಲ್ಲಿ ಚೂಡಿದಾರ ಮಂಡಿಯವರೆಗೆ ಒದ್ದೆ. ಅಂಥ ಒಂದು ಬೆಳಿಗ್ಗೆ ಎಂ.ಎಸ್ಸಿ. ಕ್ಲಾಸಿಗೆ ಮೇಡಂ ಒಂದು ಕಟ್ಟು ಹಿಡಿಸೂಡಿ (ತೆಂಗಿನ ಗರಿಯ ಪೊರಕೆ) ಕಡ್ಡಿ ತಂದರು. ಜೊತೆಗೆ ಸ್ಟೀಲ್ ಡಬ್ಬಿಯಲ್ಲಿ ರಾತ್ರಿ ನೆನೆಸಿಟ್ಟ ಕಡಲೆ.

ಒಂದೇ ಅಳತೆಯ 30 ಕಡ್ಡಿ, 12 ಕಡಲೆ. ಒಂದೊಂದು ಕಡಲೆಗೆ ಐದೈದು ಕಡ್ಡಿ ಚುಚ್ಚುತ್ತಾ ಹೋದ ಹಾಗೆ 20 ತ್ರಿಕೋನಗಳ ಒಂದು ಗೂಡು ಎದ್ದಿತು. ಐಕೋಸಹೆಡ್ರನ್. ಅದನ್ನು ಎಷ್ಟು ಬಗೆಯಲ್ಲಿ ತಿರುಗಿಸಿದರೆ ಮೊದಲಿನ ಹಾಗೇ ಕಾಣುತ್ತದೆ? ಯಾವ ಕಡಲೆಯನ್ನಾದರೂ ಮೇಲೆ ತರಬಹುದು, ತಂದ ಮೇಲೆ ಐದು ಬಗೆಯಲ್ಲಿ ತಿರುಗಿಸಬಹುದು. ಒಟ್ಟು 60. ಇದನ್ನೇ ಸಂಕೀರ್ಣ ಸಂಖ್ಯೆಗಳ 2×2 ಮ್ಯಾಟ್ರಿಕ್ಸ್‌ಗಳಲ್ಲಿ ಬರೆದರೆ 120. ಒಂದೊಂದು ತಿರುವಿಗೂ ಎರಡು ಮ್ಯಾಟ್ರಿಕ್ಸ್, ಒಂದು ಇನ್ನೊಂದರ ಮೈನಸ್.

ಮಾರನೇ ವಾರ ಟೆಸ್ಟ್. ಡಿಟರ್ಮಿನೆಂಟ್ 1 ಇರುವ ಇಂಥ ಮ್ಯಾಟ್ರಿಕ್ಸ್‌ಗಳ ಸೀಮಿತ ಗ್ರೂಪ್‌ಗಳು, ಅಂದರೆ ಒಳಗಿನ ಯಾವ ಎರಡನ್ನು ಗುಣಿಸಿದರೂ ಉತ್ತರ ಒಳಗೇ ಉಳಿಯುವ ಸೀಮಿತ ಕೂಟಗಳು, ಎಷ್ಟು ಬಗೆ? ಮೊದಲ ಹೆಜ್ಜೆ ನನಗೆ ಗೊತ್ತಿತ್ತು. ಉದ್ದ ಅಳೆಯುವ ಯಾವುದಾದರೂ ಒಂದು ಕ್ರಮ ತಗೊಳ್ಳಿ, ಗ್ರೂಪಿನ ಎಲ್ಲರ ಮೇಲೂ ಸರಾಸರಿ ಮಾಡಿ. ಆಗ ಸಿಗುವ ಅಳತೆಯನ್ನು ಗ್ರೂಪಿನ ಯಾರೂ ಕೆಡಿಸಲಾರರು. ಇಷ್ಟು ಸರಳ ಉಪಾಯದಿಂದ ಇಷ್ಟು ದೊಡ್ಡ ಕೆಲಸ ಆಗುವುದನ್ನು ಗಣಿತದಲ್ಲಿ ನಾನು ಬೇರೆಲ್ಲೂ ಕಂಡಿಲ್ಲ. ಅಲ್ಲಿಂದ ಮುಂದೆ ಎಲ್ಲವೂ ಚೆಂಡು ತಿರುಗಿಸುವ ಲೆಕ್ಕ. ನಾನು ನಾಲ್ಕು ಬಗೆ ಬರೆದೆ: ಚಕ್ರೀಯ (ಒಂದೇ ತಿರುವನ್ನು ಮತ್ತೆಮತ್ತೆ ಮಾಡುವುದು), ಬೈನರಿ ಡೈಹೆಡ್ರಲ್ (ಚಪ್ಪಟೆ ಬಹುಭುಜದ ತಿರುವುಗಳು, ಎರಡರಷ್ಟಾಗಿ), 24 ಸದಸ್ಯರದ್ದು, 120 ಸದಸ್ಯರದ್ದು.

"ಎಂತ ಮಾರಾಯ್ತಿ, 48 ಎಲ್ಲಿ ಹೋಯ್ತು?" ಅಂದರು ಮೇಡಂ.

ಘನಕ್ಕೆ 24 ತಿರುವು, ಮ್ಯಾಟ್ರಿಕ್ಸ್‌ನಲ್ಲಿ ಎರಡರಷ್ಟಾಗಿ 48. ನಾಲ್ಕು ತ್ರಿಕೋನಗಳ ಟೆಟ್ರಾಹೆಡ್ರನ್ನಿನ 12 ತಿರುವು ಮ್ಯಾಟ್ರಿಕ್ಸ್‌ನಲ್ಲಿ ಎರಡರಷ್ಟಾಗಿ 24. ಘನದ 24 ತಿರುವು, ಈ 24 ಮ್ಯಾಟ್ರಿಕ್ಸ್, ಎರಡೂ ಒಂದೇ ಅಂದುಕೊಂಡು ಘನವನ್ನು ಬಿಟ್ಟಿದ್ದೆ. ಮೇಡಂ ಕೆಂಪು ಪೆನ್ ತೆಗೆಯಲಿಲ್ಲ. "ಅರ್ಧ ಸುತ್ತು ಎಣಿಸಿ ನೋಡು" ಅಂದರು. ಘನದಲ್ಲಿ ಎರಡು ಸಲ ಮಾಡಿದರೆ ಮೊದಲಿಗೇ ಬರುವ ತಿರುವುಗಳು ಒಂಬತ್ತು: ಮುಖಗಳ ನಡುವಿನ ಅಕ್ಷಕ್ಕೆ ಮೂರು, ಅಂಚುಗಳ ನಡುವಿನದಕ್ಕೆ ಆರು. ನಮ್ಮ ಮ್ಯಾಟ್ರಿಕ್ಸ್‌ಗಳಲ್ಲಿ ಅಂಥದ್ದು ಒಂದೇ ಒಂದು, ಮೈನಸ್ 1. ಸಂಖ್ಯೆ ಒಂದೇ ಆದರೂ ಗ್ರೂಪ್ ಬೇರೆ.

ಅವತ್ತು ಅವರು ಫ್ರಾನ್ಸಿನ ಗಣಿತಜ್ಞ ಜೋರ್ಡಾನ್ ಕಥೆ ಹೇಳಿದರು. ಮ್ಯಾಟ್ರಿಕ್ಸ್ ಎಷ್ಟೇ ದೊಡ್ಡದಿರಲಿ, ಸೀಮಿತ ಗ್ರೂಪಿನ ಒಳಗೆ ಗುಣಿಸುವ ಕ್ರಮ ಹಿಂದುಮುಂದಾದರೂ ಉತ್ತರ ಬದಲಾಗದ ಒಂದು ದೊಡ್ಡ ನಾರ್ಮಲ್ ಉಪಗ್ರೂಪ್ ಇದ್ದೇ ಇರುತ್ತದೆ, ಉಳಿದ ಭಾಗಕ್ಕೆ ಮ್ಯಾಟ್ರಿಕ್ಸ್ ಗಾತ್ರವೇ ಮಿತಿ ಹಾಕುತ್ತದೆ. ಇದನ್ನು 1878ರಲ್ಲಿ ಸಾಧಿಸಿದವರು ಜೋರ್ಡಾನ್. ಅದೇ ಜೋರ್ಡಾನ್ 3×3ರ ಪಟ್ಟಿ ಮಾಡುವಾಗ 168 ಸದಸ್ಯರ ಗ್ರೂಪನ್ನು ಬಿಟ್ಟರು. ಅದನ್ನು ಕಂಡವರು ಜರ್ಮನಿಯ ಗಣಿತಜ್ಞ ಕ್ಲೈನ್. ಇನ್ನೂ ಒಂದು ಉಳಿದಿತ್ತು, ಅದನ್ನು 1889ರಲ್ಲಿ ಡೆನ್ಮಾರ್ಕಿನ ವ್ಯಾಲೆಂಟೈನರ್ ಕಂಡುಹಿಡಿದರು. "ಪಟ್ಟಿ ಮುಗೀತು ಅನ್ನುವುದು ಉಂಟಲ್ಲ, ಅದನ್ನು ಸಾಧಿಸುವುದೇ ಕಷ್ಟ" ಅಂದರು ಮೇಡಂ. ಜೋರ್ಡಾನರ ಆ ಮಿತಿ ನಿಖರವಾಗಿ ಎಷ್ಟು ಅಂತ ಕಾಲಿನ್ಸ್ ತೋರಿಸಿದ್ದು 2007ರಲ್ಲಿ. ಆ ಸುದ್ದಿ ಓದಿದಾಗ ಮೊದಲು ನೆನಪಾದದ್ದು ಮೇಡಂ.

ಟೆಸ್ಟ್ ಪೇಪರ್ ಸಿಕ್ಕಿದ ರಾತ್ರಿ ಮನೆಯಲ್ಲಿ ಅಮ್ಮನ ಹತ್ತಿರ ಕಡಲೆ ಕೇಳಿ ಇಸ್ಕೊಂಡು ಘನ ಮಾಡಲು ಕೂತೆ. 8 ಕಡಲೆ, 12 ಕಡ್ಡಿ. ನಿಲ್ಲಲೇ ಇಲ್ಲ. ಚೌಕಗಳು ವಾಲುತ್ತಿದ್ದವು. ಒಂದೊಂದು ಮುಖಕ್ಕೂ ಓರೆಯಾಗಿ ಒಂದು ಉದ್ದ ಕಡ್ಡಿ ಕೊಟ್ಟೆ. ಎದುರುಬದುರು ಮುಖಗಳಲ್ಲಿ ಓರೆ ಅಡ್ಡಡ್ಡವಾಗಿ ಬರುವ ಹಾಗೆ ನೋಡಿಕೊಂಡೆ. ಆರನೆಯದು ಚುಚ್ಚಿದ್ದೇ ತಡ, ಘನ ಗಟ್ಟಿಯಾಗಿ ನಿಂತಿತು.

ಬೆಳಿಗ್ಗೆ ಕೊಡೆಯ ಅಡಿಯಲ್ಲಿ ಜೋಪಾನವಾಗಿ ತಂದು ಮೇಡಂ ಮೇಜಿನ ಮೇಲಿಟ್ಟೆ. ಅವರು ಹೊರಗಿನ 12 ಕಡ್ಡಿಗಳನ್ನು ಬಿಟ್ಟು, ಓರೆಯ ಆರು ಕಡ್ಡಿಗಳ ಮೇಲೆ ಮಾತ್ರ ಬೆರಳಾಡಿಸಿದರು. ನಾಲ್ಕು ಕಡಲೆ, ಆರು ಕಡ್ಡಿ. ಘನದ ಹೊಟ್ಟೆಯಲ್ಲಿ ಟೆಟ್ರಾಹೆಡ್ರನ್ ಕೂತಿತ್ತು.

"ಈಗ 48ರ ಒಳಗೆ ನಿನ್ನ 24 ಎಲ್ಲಿ ಉಂಟು, ಕಂಡಿತಾ?" ಅಂದರು.