ವಿಕ್ಟೋರಿಯಾ ಕಾಲದ ವರ್ಕ್‌ಶಾಪ್: ಕಂಬದೊಳಗೆ ಇಳಿಯುವ ಮಳೆನೀರು

ಬ್ರಿಟನ್ನಿನ ಹಳೆಯ ವರ್ಕ್‌ಶಾಪ್‌ ನೋಡಲು ಹೋದವರ ಕಣ್ಣು ಮೊದಲು ಕೆಂಪಿಟ್ಟಿಗೆಯ ಗೋಡೆ, ಕಮಾನಿನ ಕಿಟಕಿಗಳ ಮೇಲೆ ಬೀಳುತ್ತದೆ. ನೋಡಬೇಕಾದ್ದು ಕಂಬದ ಬುಡ.

ಟೊಳ್ಳಾದ ಬೀಡುಕಬ್ಬಿಣದ ಕಂಬ ಸೂರನ್ನು ಹೊರುತ್ತದೆ. ಎರಕದಲ್ಲೇ ಮೂಡಿಸಿದ ಅದರ ಚಪ್ಪಟೆ ಕಿವಿಗಳಿಗೆ ಲೈನ್ ಶಾಫ್ಟಿನ (ಬೆಲ್ಟುಗಳ ಮೂಲಕ ಯಂತ್ರಗಳನ್ನು ತಿರುಗಿಸುವ ಉದ್ದನೆಯ ದಂಡ) ಬೇರಿಂಗನ್ನು ಬೋಲ್ಟ್ ಹಾಕಿ ಬಿಗಿಯುತ್ತಿದ್ದರು. ಎಷ್ಟೋ ಕಡೆ ಸೂರಿನ ನೀರೂ ಕಂಬದೊಳಗಿಂದಲೇ ಇಳಿದು ನೆಲದಡಿಯ ಮೋರಿ ಸೇರುತ್ತದೆ. 1851ರ ಲಂಡನ್ ಮಹಾಪ್ರದರ್ಶನಕ್ಕೆ ಗಾಜು, ಕಬ್ಬಿಣದಲ್ಲಿ ಕಟ್ಟಿದ ಕ್ರಿಸ್ಟಲ್ ಪ್ಯಾಲೇಸ್‌ನಲ್ಲೂ ಇದೇ ಏರ್ಪಾಡಿತ್ತು.

ಇದಕ್ಕೆ ಗರಗಸದ ಹಲ್ಲಿನಂಥ ಸೂರೇ ಕಾರಣ. ಕಡಿದಾದ ಮುಖ ಉತ್ತರಕ್ಕೆ, ಅದಕ್ಕೆ ಗಾಜು. ಇನ್ನೊಂದು ಇಳಿಜಾರಿಗೆ ಸ್ಲೇಟು. ನೇರ ಬಿಸಿಲು ಬೀಳದೆ ದಿನವಿಡೀ ಒಂದೇ ಹದದ ಬೆಳಕು ಸಿಗುತ್ತದೆ, ಲೇತ್ ಮುಂದೆ ನಿಂತವರ ಕಣ್ಣು ಕುಕ್ಕುವುದಿಲ್ಲ. ಎಂಥ ಚೆಂದದ ಯೋಚನೆ! ಆದರೆ ಹಲ್ಲು ಹಲ್ಲಿನ ನಡುವೆ ಮಳೆನೀರು ಹರಿಯುವ ಒಂದೊಂದು ದೋಣಿ. ನಟ್ಟನಡುವೆ ಬಿದ್ದ ನೀರಿಗೆ ಹೊರಗೋಡೆ ದೂರ, ಕಂಬ ಹತ್ತಿರ.

ಕೆಡುವುದೂ ಅಲ್ಲೇ. ಎಲೆ, ಹಕ್ಕಿಗೂಡು, ಸ್ಲೇಟಿನ ಚೂರು ಬುಡದ ಬಾಗಿನಲ್ಲಿ ಸಿಕ್ಕಿಕೊಂಡರೆ ನೀರು ಕಂಬದಲ್ಲೇ ನಿಲ್ಲುತ್ತದೆ. ಹೆಪ್ಪುಗಟ್ಟಿದ ನೀರು ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಬೀಡುಕಬ್ಬಿಣ ಭಾರ ತಾಳುವಷ್ಟು ಎಳೆತ ತಾಳದು, ಕಂಬ ಉದ್ದಕ್ಕೆ ಸೀಳುತ್ತದೆ. ಬಣ್ಣದ ಪದರದಡಿಯಿಂದ ನೆಟ್ಟಗೆ ಒಸರುವ ಕಂದು ಗೆರೆ ಕಂಡರೆ ಬರೀ ತುಕ್ಕೆಂದು ಮತ್ತೆ ಬಣ್ಣ ಬಳಿಯಬೇಡಿ.

ಕಂಬದ ಲೋಹದ ದಪ್ಪವನ್ನು ಹೊರಗಿನಿಂದ ಅಂದಾಜಿಸುವುದೂ ತಪ್ಪು. ಅಚ್ಚನ್ನು ಮಲಗಿಸಿ ಎರಕ ಹೊಯ್ದಾಗ ಕಂಬ ಟೊಳ್ಳಾಗಲೆಂದು ಒಳಗಿಟ್ಟ ಮರಳಿನ ತಿರುಳು ತೇಲಿ ಮೇಲೇಳುತ್ತಿತ್ತು. ಹಾಗಾಗಿ ಒಂದು ಮಗ್ಗುಲು ತೆಳು, ಎದುರಿನದು ದಪ್ಪ. ಒಂದೇ ಮಟ್ಟದಲ್ಲಿ 120 ಡಿಗ್ರಿ ಅಂತರಕ್ಕೊಂದರಂತೆ 3 ಸಣ್ಣ ತೂತು ಕೊರೆದು ಅಳೆಯಿರಿ.

ಸೀಳಿಗೆ ಸಾಮಾನ್ಯ ವೆಲ್ಡಿಂಗ್ ಬೇಡ. ಒಂದೇ ಕಡೆ ಕಾದು ಆರುವಾಗ ಪಕ್ಕದಲ್ಲೇ ಹೊಸ ಬಿರುಕು ಏಳುತ್ತದೆ. ಸೀಳಿನ ಎರಡೂ ತುದಿಗೆ ತೂತು ಕೊರೆದು ಅದನ್ನು ಅಲ್ಲಿಗೇ ನಿಲ್ಲಿಸಿ, ಎರಡೂ ಬದಿಯನ್ನು ಹಿಡಿಯುವಂತೆ ಅಡ್ಡಡ್ಡ ಲೋಹದ ಸಣ್ಣ ಕೀಲಿ ತುಂಡುಗಳನ್ನು ಬಡಿದು ತಣ್ಣಗೇ ಹೊಲಿಯುವುದು ಒಳ್ಳೆಯ ದಾರಿ. ಬಲ ಬರಲೆಂದು ಕಂಬಕ್ಕೆ ಕಾಂಕ್ರೀಟ್ ತುಂಬಿಸಿದವರಿದ್ದಾರೆ. ಆಗ ದೋಣಿಯ ನೀರಿಗೆ ದಾರಿಯೇ ಇಲ್ಲದೆ ಅದು ತೊಲೆಯ ಮರಕ್ಕೆ ಇಳಿಯುತ್ತದೆ.

ಗೋಡೆಯ ಸಂದಿಗೆ ಸುಣ್ಣದ ಗಾರೆಯೇ ಆಗಬೇಕು. ಸಿಮೆಂಟು ಮೆತ್ತಿದರೆ ತೇವ ಇಟ್ಟಿಗೆಯೊಳಗೇ ಉಳಿದು ಅದರ ಮುಖ ಉದುರುತ್ತದೆ.

ಚಳಿಗಾಲಕ್ಕೆ ಮುಂಚೆ ಪ್ರತಿ ದೋಣಿಗೂ ಒಂದೊಂದು ಬಕೆಟ್ ನೀರು ಸುರಿಯಿರಿ. ಕೆಳಗೆ ಮ್ಯಾನ್‌ಹೋಲ್ ಮುಚ್ಚಳ ತೆಗೆದು ಒಬ್ಬರು ನಿಂತಿರಲಿ. ನೀರು ಬರುವುದು ತಡವಾದ ಕಂಬಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಅಂದೇ ಬುಡದಲ್ಲಿ ಕಟ್ಟಿಕೊಂಡದ್ದನ್ನು ತೆಗೆಯಿರಿ.